ಬಲಿಪೀಠವಿದ್ದ ಕಡೆ ತಾಮ್ರದ ಹಂಡೆಗಳು

ದೇವಾಲಯವೊಂದು ಹುಟ್ಟುವ ಬಗೆಯನ್ನು ನಾವೆಲ್ಲರೂ ಬಲ್ಲೆವು. ಅಡಿಗಲ್ಲು ಇಡುವ ದಿನ ಧರ್ಮಾಧ್ಯಕ್ಷರು ಆಗಮಿಸುತ್ತಾರೆ. ಮನೆಮನೆಯಿಂದ ವಂತಿಗೆ ಕೂಡುತ್ತದೆ. ಗೋಡೆ ಏಳುತ್ತದೆ, ಗೋಪುರಕ್ಕೆ ಗಂಟೆ ಏರುತ್ತದೆ, ಪವಿತ್ರ ತೈಲದಿಂದ ಬಲಿಪೀಠ ಅಭಿಷಿಕ್ತವಾಗುತ್ತದೆ. ನಮ್ಮ ಧರ್ಮಕೇಂದ್ರಗಳ ಸುವರ್ಣ ಮಹೋತ್ಸವ, ಶತಮಾನೋತ್ಸವಗಳ ಸ್ಮರಣ ಸಂಚಿಕೆಗಳಲ್ಲಿ ಈ ಕಥೆಯನ್ನು ಅಭಿಮಾನದಿಂದ ಓದಿದ್ದೇವೆ. ಆದರೆ ದೇವಾಲಯವೊಂದು ಕೊನೆಗೊಳ್ಳುವುದು ಹೇಗೆ? ಆಮೇಲೆ ಅದರ ಗೋಡೆಗಳ ಗತಿ ಏನು? ಈ ಪ್ರಶ್ನೆ ನಮಗೆ ಇನ್ನೂ ಅಪರಿಚಿತವಾಗಿದೆ. ಯುರೋಪ್ ಮತ್ತು ಅಮೆರಿಕದ ಅನೇಕ ಧರ್ಮಕ್ಷೇತ್ರಗಳಲ್ಲಿ ಮಾತ್ರ ಅದು ಆಡಳಿತದ ದೈನಂದಿನ ಪ್ರಶ್ನೆಯಾಗಿಬಿಟ್ಟಿದೆ.

ಪ್ರಿಯ ಓದುಗರೇ, ನಿಮ್ಮಲ್ಲಿ ಕೆಲವರ ಮಕ್ಕಳು ಆ ದೇಶಗಳಲ್ಲಿ ನೆಲೆಸಿದ್ದಾರೆ. ಅವರನ್ನು ಕಾಣಲು ಹೋದವರು ಅಲ್ಲಿ ಗ್ರಂಥಾಲಯವಾದ ದೇವಾಲಯವನ್ನೋ, ವಸತಿಗೃಹವಾದ ಕನ್ಯಾಮಠವನ್ನೋ, ಸಂಗೀತ ಸಭಾಂಗಣವಾದ ಪ್ರಾರ್ಥನಾಲಯವನ್ನೋ ನೋಡಿ ಬಂದಿರಬಹುದು. ಅಂಥ ಕಟ್ಟಡಗಳ ಪೈಕಿ ಬಹಳ ಹೆಸರಾದ ಒಂದರ ಇತಿಹಾಸವನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ಅದು ಸ್ನಾನಿಕ ಯೊವಾನ್ನರ ಹೆಸರಿನ ಕಥೋಲಿಕ ದೇವಾಲಯವಾಗಿತ್ತು. ಮುಂದೆ ಅದು ಬಿಯರ್ ತಯಾರಿಸಿ ಬಡಿಸುವ ಸೊಗಸಾದ ಭೋಜನಗೃಹವಾಯಿತು. ಕೇಳಿದೊಡನೆ ಮನಸ್ಸು ನೋಯುವ ಸಂಗತಿ ಇದು. ಆದರೂ ನೋವಿನ ನಿಜವಾದ ಕಾರಣ ಯಾವುದೆಂದು ತಿಳಿಯಬೇಕಾದರೆ ಕೊಂಚ ನಿಧಾನಿಸಿ ಹಿಂದಕ್ಕೆ ಹೋಗಬೇಕಾಗುತ್ತದೆ.

ಉಕ್ಕಿನ ನಗರದ ಇಟ್ಟಿಗೆಯ ದೇವಾಲಯ

ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದಲ್ಲಿ ಅಲೆಘೆನಿ ಮತ್ತು ಮೊನಾಂಗಹೀಲ ಎಂಬ ಎರಡು ನದಿಗಳು ಕೂಡಿ ಒಹಾಯೊ ನದಿಯಾಗುವ ಸಂಗಮಸ್ಥಾನದಲ್ಲಿ ಪಿಟ್ಸ್‌ಬರ್ಗ್ ನಗರವಿದೆ. ಸುತ್ತಲಿನ ಬೆಟ್ಟಗಳಲ್ಲಿ ಕಲ್ಲಿದ್ದಲು ದೊರೆಯುತ್ತಿತ್ತು. ಸರಕು ಸಾಗಿಸಲು ನದಿಗಳಿದ್ದವು. ಹೀಗಾಗಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ಅದು ಅಮೆರಿಕದ ಉಕ್ಕಿನ ರಾಜಧಾನಿಯಾಗಿ ಬೆಳೆಯಿತು. ಕಬ್ಬಿಣದ ಕುಲುಮೆಗಳು ಕೆಲಸಗಾರರನ್ನು ಕರೆದವು. ಕ್ಷಾಮದಿಂದ ಕಂಗೆಟ್ಟ ಐರ್ಲೆಂಡಿನಿಂದ, ಜರ್ಮನಿಯ ಹಳ್ಳಿಗಳಿಂದ, ಪೋಲೆಂಡಿನಿಂದ ಜನ ಬಂದರು. ತಂದ ಗಂಟಿನಲ್ಲಿ ಹಣವಿರಲಿಲ್ಲ, ಜಪಮಾಲೆಯಿತ್ತು. ಬಾಡಿಗೆಯ ಕೋಣೆಗಳಲ್ಲಿ ಬದುಕುತ್ತಿದ್ದ ಆ ಜನ ಮೊದಲು ಕಟ್ಟಿದ್ದು ದೇವಾಲಯಗಳನ್ನು.

ಅಲೆಘೆನಿ ನದಿಯ ದಡದ ಲಾರೆನ್ಸ್‌ವಿಲ್ ಅಂಥವರ ಬಡಾವಣೆ. ಅಲ್ಲಿಯ ಲಿಬರ್ಟಿ ಅವೆನ್ಯೂ ಎಂಬ ಹೆದ್ದಾರಿಯ ಬದಿಯಲ್ಲಿ ಸ್ನಾನಿಕ ಯೊವಾನ್ನರ ದೇವಾಲಯ 1902ರಲ್ಲಿ ಎದ್ದು ನಿಂತಿತು. ಬೀಜರ್ ಸಹೋದರರೆಂಬ ಅವಳಿ ವಾಸ್ತುಶಿಲ್ಪಿಗಳ ಸಂಸ್ಥೆ ಹಾಗೂ ಜಾನ್ ಕೋಮ್ಸ್ ಅದರ ವಿನ್ಯಾಸಕರು. 1873ರಲ್ಲಿ ಲಕ್ಸೆಂಬರ್ಗಿನಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಅಮೆರಿಕಕ್ಕೆ ಬಂದ ಕೋಮ್ಸ್, 1922ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಆ ದೇಶದ ಕಥೋಲಿಕ ದೇವಾಲಯಗಳ ಹೆಸರಾಂತ ಶಿಲ್ಪಿಯೆನಿಸಿದ್ದರು. ಅವರು ಈ ದೇವಾಲಯಕ್ಕೆ ಉತ್ತರ ಇಟಲಿಯ ಲೊಂಬಾರ್ಡಿ ಪ್ರಾಂತ್ಯದ ಹಳೆಯ ರೋಮನೆಸ್ಕ್ ಶೈಲಿಯನ್ನು ಆರಿಸಿಕೊಂಡರು. ಕೆಂಪು ಇಟ್ಟಿಗೆಯ ಗೋಡೆಗಳು, ಅರ್ಧವೃತ್ತದ ಕಮಾನುಗಳು, ಮುಂಭಾಗದಲ್ಲಿ ಗುಲಾಬಿಯಾಕಾರದ ದುಂಡು ಕಿಟಕಿ, ಪಕ್ಕದಲ್ಲಿ ನೆಟ್ಟನೆ ನಿಂತ ಗಂಟೆಗೋಪುರ. ಒಳಗೆ ಎತ್ತರದ ಛಾವಣಿಗೆ ಕೈಯಿಂದ ಬಣ್ಣ ಬಳಿದ ಸೈಪ್ರೆಸ್ ಮರದ ತೊಲೆಗಳು. ಕುಲುಮೆಯ ಹೊಗೆಯಲ್ಲಿ ವಾರವಿಡೀ ದುಡಿದವರು ಭಾನುವಾರ ಇಲ್ಲಿಗೆ ಬಂದು ತಲೆಯೆತ್ತಿದರೆ, ಬಣ್ಣದ ಗಾಜಿನಿಂದ ಸೋಸಿ ಬಂದ ಬೆಳಕು ಅವರ ಮುಖದ ಮೇಲೆ ಬೀಳುತ್ತಿತ್ತು.

ಸುಮಾರು 90 ವರ್ಷಗಳ ಕಾಲ ಆ ಜನರ ಬಾಳಿನ ಎಲ್ಲ ಘಟ್ಟಗಳೂ ಆ ಬೆಳಕಿನಲ್ಲಿಯೇ ನಡೆದವು. ಜ್ಞಾನಸ್ನಾನ, ಪ್ರಥಮ ಪರಮಪ್ರಸಾದ, ವಿವಾಹ, ಮರಣದ ಬಲಿಪೂಜೆ. ಎರಡು ಮಹಾಯುದ್ಧಗಳಿಗೆ ಹೊರಟ ಮಕ್ಕಳಿಗಾಗಿ ತಾಯಂದಿರು ಅಲ್ಲಿಯೇ ಮೊಣಕಾಲೂರಿದರು.

ಜನ ಹೊರಟುಹೋದ ಮೇಲೆ

ಆ ದೇವಾಲಯವನ್ನು ಮುಚ್ಚಿಸಿದ್ದು ಯುದ್ಧವಲ್ಲ, ಬೆಂಕಿಯಲ್ಲ, ಧರ್ಮವಿರೋಧಿಗಳೂ ಅಲ್ಲ. 1950ರ ಜನಗಣತಿಯಲ್ಲಿ ಪಿಟ್ಸ್‌ಬರ್ಗ್ ನಗರದ ಜನಸಂಖ್ಯೆ ಸುಮಾರು 6,77,000 ಇತ್ತು. 1990ರ ಗಣತಿಯಲ್ಲಿ ಅದು 3,70,000ಕ್ಕೆ ಇಳಿದಿತ್ತು. ನಲವತ್ತು ವರ್ಷಗಳಲ್ಲಿ ನಗರ ತನ್ನ ಅರ್ಧದಷ್ಟು ಮಂದಿಯನ್ನು ಕಳೆದುಕೊಂಡಿತು. ಯುದ್ಧಾನಂತರ ಕೈಯಲ್ಲಿ ನಾಲ್ಕು ಕಾಸು ಕೂಡಿದವರು ತೋಟವುಳ್ಳ ಮನೆಗಳನ್ನು ಹುಡುಕಿಕೊಂಡು ಹೊರವಲಯಗಳಿಗೆ ಹೋದರು. 1980ರ ದಶಕದಲ್ಲಿ ಉಕ್ಕಿನ ಉದ್ಯಮವೇ ಕುಸಿಯಿತು. ಹೆಸರುವಾಸಿಯಾದ ಹೋಮ್‌ಸ್ಟೆಡ್ ಕಾರ್ಖಾನೆ 1986ರಲ್ಲಿ ಬಾಗಿಲು ಹಾಕಿತು. ಕೆಲಸ ಹೋದ ತಂದೆಯರ ಮಕ್ಕಳು ದೂರದ ರಾಜ್ಯಗಳಿಗೆ ವಲಸೆ ಹೋದರು. ಉಳಿದವರಲ್ಲಿ ವೃದ್ಧರೇ ಹೆಚ್ಚು. ಇದರ ಜೊತೆಗೆ ಹೇಳಲೇಬೇಕಾದ ಇನ್ನೊಂದು ಮಾತಿದೆ. ಊರಿನಲ್ಲಿಯೇ ಉಳಿದವರಲ್ಲಿಯೂ ಭಾನುವಾರದ ಬಲಿಪೂಜೆಗೆ ಬರುವವರು ವರ್ಷದಿಂದ ವರ್ಷಕ್ಕೆ ಕಡಮೆಯಾದರು. ಗುರುಗಳಾಗಲು ಮುಂದೆ ಬರುವ ಯುವಕರೂ ವಿರಳರಾದರು.

ನೂರಾರು ಮಂದಿಗೆಂದು ಕಟ್ಟಿದ ಭವ್ಯ ಮಂದಿರದಲ್ಲಿ ಕೆಲವೇ ಮಂದಿ ಅಲ್ಲಲ್ಲಿ ಚದುರಿ ಕುಳಿತಾಗ ಛಾವಣಿಯ ದುರಸ್ತಿಗೂ ಚಳಿಗಾಲದ ಶಾಖದ ಖರ್ಚಿಗೂ ಹಣ ಸಾಲುವುದಿಲ್ಲ. 1990ರ ದಶಕದ ಆರಂಭದಲ್ಲಿ ಪಿಟ್ಸ್‌ಬರ್ಗ್ ಧರ್ಮಕ್ಷೇತ್ರ ತನ್ನ ಧರ್ಮಕೇಂದ್ರಗಳನ್ನು ಪುನರ್‌ವ್ಯವಸ್ಥೆಗೊಳಿಸಿತು. ಹಲವು ಕೇಂದ್ರಗಳು ಒಂದರೊಳಗೊಂದು ಲೀನವಾದವು. 1993ರ ಆಗಸ್ಟ್ 6ರಂದು ಸ್ನಾನಿಕ ಯೊವಾನ್ನರ ದೇವಾಲಯವನ್ನು ಆರಾಧನೆಯ ಬಳಕೆಯಿಂದ ವಿಧಿವತ್ತಾಗಿ ಬಿಡುಗಡೆ ಮಾಡಲಾಯಿತು. ಅದು ಯೇಸುಸ್ವಾಮಿಯ ರೂಪಾಂತರದ ಹಬ್ಬದ ದಿನ. ಆ ದಿನ ಕಟ್ಟಡವೂ ತನ್ನ ರೂಪವನ್ನು ಕಳಚಿತು.

ಒಳಗೆ ಕಾಲಿಟ್ಟವರು ಕಂಡದ್ದು

ಮೂರು ವರ್ಷಗಳ ನಂತರ, 1996ರ ಆಗಸ್ಟ್ 1ರಂದು, ಅದೇ ಬಾಗಿಲು ಚರ್ಚ್ ಬ್ರೂ ವರ್ಕ್ಸ್ ಎಂಬ ಹೆಸರಿನಲ್ಲಿ ತೆರೆಯಿತು. ತಾನು ತಯಾರಿಸಿದ ಬಿಯರನ್ನು ಅಲ್ಲಿಯೇ ಊಟದೊಡನೆ ಬಡಿಸುವ ಇಂಥ ಸಣ್ಣ ಭಟ್ಟಿಗಳು ಅಮೆರಿಕದಲ್ಲಿ ಆಗ ಹೊಸ ಅಲೆಯಾಗಿದ್ದವು. 1920ರಿಂದ 1933ರವರೆಗಿನ ಪಾನನಿಷೇಧ ಅಲ್ಲಿನ ಊರೂರಿನ ಚಿಕ್ಕ ಭಟ್ಟಿಗಳನ್ನು ನಾಶ ಮಾಡಿತ್ತು. ಆಮೇಲೆ ಉಳಿದದ್ದು ಕೆಲವು ಬೃಹತ್ ಕಂಪನಿಗಳು ಮಾತ್ರ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅಂಕಿತ ಹಾಕಿದ ಕಾನೂನು ಮನೆಯಲ್ಲಿ ಬಿಯರ್ ತಯಾರಿಸಿಕೊಳ್ಳಲು ಅವಕಾಶ ಕೊಟ್ಟ ಮೇಲೆ ಈ ಕೈಕಸುಬು ಮತ್ತೆ ಚಿಗುರಿತು. ನಮ್ಮ ಬೆಂಗಳೂರಿಗೂ 2010ರ ದಶಕದ ಆರಂಭದಲ್ಲಿ ಇದೇ ಅಲೆ ಬಂದಿತು.

ಆ ದಿನಗಳಲ್ಲಿ ನೀವು ಒಳಗೆ ಕಾಲಿಟ್ಟಿದ್ದರೆ ಏನನ್ನು ಕಾಣುತ್ತಿದ್ದಿರಿ? ಮೊದಲು ಕಾಣುತ್ತಿದ್ದುದು ಅಚ್ಚುಕಟ್ಟು. ಹೊಸ ಒಡೆಯರು ಕಟ್ಟಡವನ್ನು ಕೆಡವಲಿಲ್ಲ, ವಿಕಾರಗೊಳಿಸಲೂ ಇಲ್ಲ. ಅದೆಷ್ಟೋ ವರ್ಷಗಳಿಂದ ಪ್ಲೈವುಡ್ ಹೊದಿಕೆಯ ಕೆಳಗೆ ಮುಚ್ಚಿಹೋಗಿದ್ದ ಮರದ ನೆಲವನ್ನು ಬಿಡಿಸಿ ಹೊಳಪು ಕೊಟ್ಟರು. ಬಣ್ಣದ ಗಾಜಿನ ಕಿಟಕಿಗಳನ್ನೂ ತೊಲೆಗಳ ಚಿತ್ರಗಳನ್ನೂ ಉಳಿಸಿದರು. ಭಕ್ತರು ಕುಳಿತಿದ್ದ ಓಕ್ ಮರದ ಪೀಠಗಳು ಸುಮಾರು 24 ಅಡಿ ಉದ್ದವಿದ್ದವು. ಅವನ್ನು 4-5 ಅಡಿಗೆ ಕತ್ತರಿಸಿ ಊಟದ ಮೇಜುಗಳ ಬದಿಗೆ ಆಸನಗಳಾಗಿ ಇಟ್ಟರು. ಉಳಿದ ಮರದಿಂದ ಪಾನೀಯ ಬಡಿಸುವ ಉದ್ದನೆಯ ಕಟ್ಟೆ ಸಿದ್ಧವಾಯಿತು. ತೆಗೆದುಹಾಕಿದ ಪಾಪನಿವೇದನಾ ಪೀಠವೊಂದರ ಇಟ್ಟಿಗೆಗಳು ಹೊರಗಿನ ನಾಮಫಲಕದ ಕಂಬಗಳಾದವು.

ಆನಂತರ ನಿಮ್ಮ ಕಣ್ಣು, ಚಿಕ್ಕಂದಿನಿಂದ ಬಂದ ಅಭ್ಯಾಸದಂತೆ, ತಾನಾಗಿ ಮುಂದಕ್ಕೆ ಹೋಗುತ್ತಿತ್ತು. ದೇವಾಲಯದ ಪ್ರತಿಯೊಂದು ಗೆರೆಯೂ ಕಣ್ಣನ್ನು ಬಲಿಪೀಠದ ಕಡೆಗೆ ಒಯ್ಯುವಂತೆ ರಚಿತವಾಗಿರುತ್ತದೆ. ಕಂಬಗಳ ಸಾಲು, ಕಮಾನು, ನಡುವಿನ ದಾರಿ, ಎಲ್ಲದರ ಗುರಿ ಅದೇ. ಅಲ್ಲಿ, ಆಕಾಶನೀಲಿ ಬಣ್ಣದ ಗೋಡೆಯ ಹಿನ್ನೆಲೆಯಲ್ಲಿ, ತಾಮ್ರ ಮತ್ತು ಉಕ್ಕಿನ ಹಂಡೆಗಳು ದೀಪದ ಬೆಳಕಿಗೆ ಥಳಥಳಿಸುತ್ತಿದ್ದವು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ ಸಿಹಿರಸ ತೆಗೆಯುವುದು, ಅದಕ್ಕೆ ಹಾಪ್ಸ್ ಎಂಬ ಕಹಿ ಹೂವನ್ನು ಸೇರಿಸಿ ಕುದಿಸುವುದು, ತಣಿಸಿ ಯೀಸ್ಟ್ ಬೆರೆಸಿ ಹುದುಗಿಸುವುದು, ಇವೆಲ್ಲ ಆ ಹಂಡೆಗಳಲ್ಲಿ ನಡೆಯುತ್ತಿದ್ದವು. ಬಿಯರುಗಳ ಹೆಸರಿನಲ್ಲಿಯೂ ಹಳೆಯ ನೆನಪಿನ ಆಟವಿತ್ತು: ಒಂದಕ್ಕೆ ಪಯಸ್ ಮಂಕ್, ಅಂದರೆ ಭಕ್ತ ಸಂನ್ಯಾಸಿ, ಇನ್ನೊಂದಕ್ಕೆ ಸೆಲೆಸ್ಟಿಯಲ್ ಗೋಲ್ಡ್, ಸ್ವರ್ಗದ ಹೊನ್ನು, ಮತ್ತೊಂದಕ್ಕೆ ದೇವಾಲಯದ ವಾದ್ಯವಾದ ಪೈಪ್ ಆರ್ಗನ್ನಿನ ಹೆಸರು. 2012ರಲ್ಲಿ ಅಮೆರಿಕದ ಪ್ರಸಿದ್ಧ ಬಿಯರ್ ಉತ್ಸವದಲ್ಲಿ ದೊಡ್ಡ ಬ್ರೂಪಬ್‌ಗಳ ವಿಭಾಗದ ವರ್ಷದ ಗೌರವವೂ ಅದಕ್ಕೆ ಸಂದಿತು. ಕಟ್ಟಡಕ್ಕಾಗಿ, ಊಟಕ್ಕಾಗಿ, ಪಾನೀಯಕ್ಕಾಗಿ ದೂರದೂರದಿಂದ ಪ್ರವಾಸಿಗರು ಬಂದರು.

ಇನ್ನೊಂದು ವಿಪರ್ಯಾಸವನ್ನು ಗಮನಿಸಿರಿ. ಶುಭಸಂದೇಶಕಾರ ಲೂಕನು ತಿಳಿಸುವಂತೆ, ಸ್ನಾನಿಕ ಯೊವಾನ್ನರು ಹುಟ್ಟುವ ಮೊದಲೇ ದೇವದೂತನು ಅವರ ತಂದೆ ಜಕರೀಯನಿಗೆ ಹೇಳಿದ ಲಕ್ಷಣಗಳಲ್ಲಿ ಒಂದು, ಆ ಮಗು ದ್ರಾಕ್ಷಾರಸವನ್ನಾಗಲಿ ಮದ್ಯವನ್ನಾಗಲಿ ಮುಟ್ಟುವುದಿಲ್ಲ ಎಂಬುದು. ಮರುಭೂಮಿಯ ಆ ಕಠೋರ ವ್ರತಧಾರಿಯ ಹೆಸರಿನ ಮಂದಿರದಲ್ಲಿ ಮದ್ಯದ ಹಂಡೆ!

ಬಿಯರ್ ಧರ್ಮಸಭೆಗೆ ಹೊಸತೇ?

ಇಲ್ಲಿಗೆ ಬಂದ ಓದುಗರು, ಅಪವಿತ್ರವಾದ ಪಾನೀಯ ಪವಿತ್ರವಾದ ಸ್ಥಳವನ್ನು ಆಕ್ರಮಿಸಿತು ಎಂದು ತೀರ್ಮಾನಿಸಬಹುದು. ಚರಿತ್ರೆ ಅಷ್ಟು ಸುಲಭವಾದ ತೀರ್ಪಿಗೆ ಒಪ್ಪುವುದಿಲ್ಲ. ಬಿಯರ್ ತಯಾರಿಕೆಯ ಕಲೆಯನ್ನು ಯುರೋಪಿನಲ್ಲಿ ಶತಮಾನಗಳ ಕಾಲ ಕಾಪಾಡಿ ಬೆಳೆಸಿದವರಲ್ಲಿ ಕ್ರೈಸ್ತ ಸಂನ್ಯಾಸಿಗಳೇ ಪ್ರಮುಖರು.

6ನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ರಚಿಸಿದ ಮಠದ ನಿಯಮಾವಳಿ, ಸಂನ್ಯಾಸಿಗಳು ತಮ್ಮ ಕೈದುಡಿಮೆಯಿಂದ ಜೀವಿಸಬೇಕೆಂದೂ ಬಂದ ಅತಿಥಿಯನ್ನು ಕ್ರಿಸ್ತರಂತೆಯೇ ಬರಮಾಡಿಕೊಳ್ಳಬೇಕೆಂದೂ ವಿಧಿಸುತ್ತದೆ. ಪಾನದ ಬಗ್ಗೆ ಅದರಲ್ಲಿ ಒಂದು ಅಧ್ಯಾಯವೇ ಇದೆ. ದಿನಕ್ಕೊಂದು ಮಿತವಾದ ಅಳತೆಯ ದ್ರಾಕ್ಷಾರಸವನ್ನು ಅವರು ಅನುಮತಿಸುತ್ತಾರೆ. ಆದರೆ ಹೊಟ್ಟೆ ಬಿರಿಯುವಂತೆ ಕುಡಿಯಬಾರದೆಂದು ಎಚ್ಚರಿಸಿ, ಪೂರ್ಣವಾಗಿ ವರ್ಜಿಸುವವರಿಗೆ ವಿಶೇಷ ಪ್ರತಿಫಲವುಂಟೆಂದೂ ಹೇಳುತ್ತಾರೆ. ದ್ರಾಕ್ಷಿ ಬೆಳೆಯದ ಉತ್ತರದ ಚಳಿನಾಡುಗಳಲ್ಲಿ ಸಂನ್ಯಾಸಿಗಳು ಬಾರ್ಲಿಯಿಂದ ಬಿಯರ್ ತಯಾರಿಸಿದರು. ಸುಮಾರು 820ರಲ್ಲಿ ರಚಿತವಾಗಿ, ಸ್ವಿಟ್ಜರ್ಲೆಂಡಿನ ಸೇಂಟ್ ಗಾಲ್ ಮಠದ ಗ್ರಂಥಭಂಡಾರದಲ್ಲಿ ಉಳಿದಿರುವ ಆದರ್ಶ ಮಠದ ನಕ್ಷೆಯಲ್ಲಿ ದೇವಾಲಯ, ಆಸ್ಪತ್ರೆ, ಪಾಠಶಾಲೆಗಳ ಜೊತೆಗೆ ಬಿಯರ್ ಭಟ್ಟಿಗಳನ್ನೂ ಗುರುತಿಸಲಾಗಿದೆ. 12ನೆಯ ಶತಮಾನದ ಮಠಾಧಿಕಾರಿಣಿ ಸಂತ ಹಿಲ್ಡೆಗಾರ್ಡರು, ಹಾಪ್ಸ್ ಹೂವಿನ ಕಹಿ ಪಾನೀಯ ಕೆಡದಂತೆ ತಡೆಯುತ್ತದೆ ಎಂಬುದನ್ನು ತಮ್ಮ ಪ್ರಕೃತಿಗ್ರಂಥದಲ್ಲಿ ಬರೆದಿಟ್ಟಿದ್ದಾರೆ. ಅವರನ್ನು 2012ರಲ್ಲಿ ಧರ್ಮಸಭೆಯ ಆಚಾರ್ಯೆಯೆಂದು ಘೋಷಿಸಲಾಯಿತು.

ಈ ಪರಂಪರೆ ಇಂದಿಗೂ ಜೀವಂತವಾಗಿದೆ. ಬೆಲ್ಜಿಯಂ ದೇಶದ ವೆಸ್ಟ್‌ವ್ಲೆಟರೆನ್ ಗ್ರಾಮದ ಟ್ರಾಪಿಸ್ಟ್ ಸಂನ್ಯಾಸಿಗಳ ಬಿಯರು ಜಗತ್ತಿನಲ್ಲಿಯೇ ಶ್ರೇಷ್ಠವೆಂದು 2005ರಲ್ಲಿ ಮದ್ಯರಸಿಕರು ಕೊಂಡಾಡಿದಾಗ ಮಠದ ಮುಂದೆ ವಾಹನಗಳು ಸಾಲುಗಟ್ಟಿದವು. ಬೇಡಿಕೆ ಎಷ್ಟೇ ಏರಿದರೂ ಸಂನ್ಯಾಸಿಗಳು ಅದಕ್ಕೆ ತಕ್ಕಂತೆ ಉತ್ಪಾದನೆಯನ್ನು ಏರಿಸಲು ಒಪ್ಪಲಿಲ್ಲ. ಮಠದ ಖರ್ಚಿಗೂ ದಾನಧರ್ಮಕ್ಕೂ ಬೇಕಾದಷ್ಟು ಬಂದರೆ ಸಾಕು, ಅದಕ್ಕಿಂತ ಹೆಚ್ಚಿಗೆ ದುಡಿದರೆ ಪ್ರಾರ್ಥನೆಯ ವೇಳೆ ಹಾಳಾಗುತ್ತದೆ ಎಂಬುದು ಅವರ ಲೆಕ್ಕ. ಟ್ರಾಪಿಸ್ಟ್ ಎಂಬ ಅಧಿಕೃತ ಮುದ್ರೆ ಪಡೆಯುವ ಬಿಯರು ಮಠದ ಆವರಣದಲ್ಲಿಯೇ, ಸಂನ್ಯಾಸಿಗಳ ಮೇಲ್ವಿಚಾರಣೆಯಲ್ಲಿಯೇ ತಯಾರಾಗಬೇಕು. ಆದಾಯ ಮಠದ ನಿರ್ವಹಣೆಗೂ ಸೇವಾಕಾರ್ಯಗಳಿಗೂ ಸಲ್ಲಬೇಕು.

ಅಂದಮೇಲೆ ಹಂಡೆ ತಾನಾಗಿ ಶತ್ರುವಲ್ಲ. ಮಠದಲ್ಲಿ ಹಂಡೆಯೂ ಇತ್ತು, ಬಲಿಪೀಠವೂ ಇತ್ತು. ಆದರೆ ಬಲಿಪೀಠ ನಡುವೆ ಇತ್ತು, ಹಂಡೆ ಹಿತ್ತಿಲಿನಲ್ಲಿತ್ತು. ಗಂಟೆ ಬಾರಿಸಿದೊಡನೆ ಹಂಡೆಯನ್ನು ಬಿಟ್ಟು ಪ್ರಾರ್ಥನೆಗೆ ಓಡುವ ಮನುಷ್ಯರಿದ್ದರು. ಆ ಮನುಷ್ಯರು ಇಲ್ಲವಾದಾಗ ಏನಾಗುತ್ತದೆ ಎಂಬುದಕ್ಕೆ ಜರ್ಮನಿಯ ಬವೇರಿಯ ಪ್ರಾಂತ್ಯದ ವೈಹೆನ್‌ಸ್ಟೆಫಾನ್ ಉದಾಹರಣೆ. ಅಲ್ಲಿಯ ಬೆನೆಡಿಕ್ಟಿನ್ ಮಠದ ಭಟ್ಟಿ 1040ರಿಂದ ತನ್ನ ಚರಿತ್ರೆಯನ್ನು ಎಣಿಸುತ್ತದೆ. 1803ರಲ್ಲಿ ಸರ್ಕಾರ ಮಠಗಳನ್ನು ವಿಸರ್ಜಿಸಿತು. ಸಂನ್ಯಾಸಿಗಳು ಚದುರಿಹೋದರು, ಭಟ್ಟಿ ಮಾತ್ರ ಸರ್ಕಾರದ ಆಸ್ತಿಯಾಗಿ ಮುಂದುವರಿಯಿತು. ಪ್ರಾರ್ಥನೆ ನಿಂತಿತು, ಹಂಡೆ ಉಳಿಯಿತು. ಪಿಟ್ಸ್‌ಬರ್ಗಿನ ಕಥೆ ಇದರ ಇನ್ನೊಂದು ರೂಪವಷ್ಟೆ.

ಮಠಾಧಿಪತಿ ಮತ್ತು ಧರ್ಮಾಧ್ಯಕ್ಷರ ವಿವಾದ

ಬಿಯರಿನ ವಿಚಾರವಾಗಿ ಪಿಟ್ಸ್‌ಬರ್ಗ್ ಧರ್ಮಕ್ಷೇತ್ರದಲ್ಲಿ ಹಿಂದೊಮ್ಮೆ ದೊಡ್ಡ ವಿವಾದವೇ ನಡೆದಿತ್ತು ಎಂಬುದು ಇಲ್ಲಿ ಸ್ಮರಣೀಯ. 1846ರಲ್ಲಿ ಬವೇರಿಯದಿಂದ ಬಂದ ಬೋನಿಫಾಸ್ ವಿಮ್ಮರ್ ಎಂಬ ಬೆನೆಡಿಕ್ಟಿನ್ ಗುರುಗಳು ನಗರದ ಪೂರ್ವಕ್ಕೆ, ಲಾಟ್ರೋಬ್ ಎಂಬ ಊರಿನ ಬಳಿ, ಸಂತ ವಿನ್ಸೆಂಟರ ಹೆಸರಿನ ಮಠವನ್ನು ಸ್ಥಾಪಿಸಿದರು. ಅಮೆರಿಕದ ಮೊತ್ತಮೊದಲ ಬೆನೆಡಿಕ್ಟಿನ್ ಮಠ ಅದು. ಬವೇರಿಯದವರಿಗೆ ಬಿಯರು ಊಟದ ಭಾಗ, ನಮ್ಮಲ್ಲಿ ಮಜ್ಜಿಗೆಯಿದ್ದಂತೆ. ಬಿಯರ್ ತಯಾರಿಸುವುದು ಅವರ ಮಠಗಳ ವಾಡಿಕೆಯಾಗಿತ್ತು.

ಆದರೆ ಆಗಿನ ಧರ್ಮಾಧ್ಯಕ್ಷರಾದ ಮೈಕೆಲ್ ಓಕಾನರ್ ಐರ್ಲೆಂಡಿನವರು. ಅವರ ತಾಯ್ನಾಡಿನಲ್ಲಿ ಕುಡಿತ ಮನೆಗಳನ್ನು ನುಂಗಿದ್ದನ್ನು ಕಂಡವರು. ಅದೇ ಐರ್ಲೆಂಡಿನ ಕಾರ್ಕ್ ನಗರದಲ್ಲಿ 1838ರಲ್ಲಿ ಕಪುಚಿನ್ ಗುರು ಥಿಯೊಬಾಲ್ಡ್ ಮ್ಯಾಥ್ಯೂ ಅವರು ಸಂಪೂರ್ಣ ಪಾನವರ್ಜನೆಯ ಪ್ರತಿಜ್ಞೆಯನ್ನು ಜನರಿಂದ ಮಾಡಿಸತೊಡಗಿದ್ದರು. ಲಕ್ಷಾಂತರ ಮಂದಿ ಅವರ ಮುಂದೆ ಮೊಣಕಾಲೂರಿ ಮಾತು ಕೊಟ್ಟಿದ್ದರು. 1849ರಿಂದ 1851ರವರೆಗೆ ಅವರು ಅಮೆರಿಕದಲ್ಲಿ ಸಂಚರಿಸಿ ವಲಸಿಗರಲ್ಲಿಯೂ ಅದೇ ಕಾರ್ಯ ಮಾಡಿದರು. ಪಾನವಿರೋಧದ ಕಾಳಜಿಯಿದ್ದ ಧರ್ಮಾಧ್ಯಕ್ಷರಿಗೆ, ತಮ್ಮ ಧರ್ಮಕ್ಷೇತ್ರದ ಮಠವೊಂದು ಬಿಯರ್ ಮಾರುವುದು ಒಪ್ಪಿಗೆಯಾಗಲಿಲ್ಲ. ವಿವಾದ ರೋಮ್ ನಗರದವರೆಗೂ ಹೋಯಿತು. ಕೊನೆಗೆ 1855ರಲ್ಲಿ ಜಗದ್ಗುರು ಒಂಬತ್ತನೆಯ ಪಿಯುಸರು ಆ ಮಠಕ್ಕೆ ಅಬ್ಬೆ ಎಂಬ ಉನ್ನತ ಪದವಿಯನ್ನಿತ್ತರು. ವಿಮ್ಮರ್ ಅದರ ಪ್ರಥಮ ಮಠಾಧಿಪತಿಗಳಾದರು.

ಇಬ್ಬರಲ್ಲಿ ಯಾರು ಸರಿ? ಇಬ್ಬರೂ ಪ್ರಾಮಾಣಿಕರು, ಇಬ್ಬರೂ ಜನಹಿತವನ್ನೇ ಬಯಸಿದವರು. ಮಿತವಾದ ಭೋಗವೂ ದೇವರ ಕೊಡುಗೆಯೆಂದು ಒಬ್ಬರು ಕಂಡರು. ಮಿತಿ ಮೀರಿದಾಗ ಒಡೆಯುವ ಮನೆಗಳನ್ನು ಇನ್ನೊಬ್ಬರು ಕಂಡರು. ಕಾನಾ ಊರಿನ ಮದುವೆಯಲ್ಲಿ ನೀರನ್ನು ದ್ರಾಕ್ಷಾರಸವಾಗಿಸಿದ ಪ್ರಭುವೂ, ಅದನ್ನು ಮುಟ್ಟದ ಸ್ನಾನಿಕ ಯೊವಾನ್ನರೂ ಒಂದೇ ಶುಭಸಂದೇಶದಲ್ಲಿ ಜೊತೆಗಿದ್ದಾರಲ್ಲವೇ? ಕರ್ನಾಟಕದ ನಾವು ಮಾತ್ರ ಧರ್ಮಾಧ್ಯಕ್ಷ ಓಕಾನರರ ಅಳಲನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಷೇಧವಾದದ್ದರ ಹಿಂದೆ ಹಳ್ಳಿಗಾಡಿನ ಹೆಂಗಸರ ಕಣ್ಣೀರಿತ್ತು. ಸಾರಾಯಿ ಹೋದರೂ ಕುಡಿತ ಹೋಗಲಿಲ್ಲ. ಕೂಲಿಯ ಹಣ ಮನೆ ಸೇರುವ ಮೊದಲೇ ಕರಗುವುದನ್ನು ನಮ್ಮ ಧರ್ಮಕೇಂದ್ರಗಳ ತಾಯಂದಿರು ಇಂದಿಗೂ ಬಲ್ಲರು. ಕುಡಿತದ ಜಾಗ ಸೊಗಸಾಗಿದೆ, ಲೋಟ ಹೊಳೆಯುತ್ತದೆ, ಗೋಡೆ ಚಾರಿತ್ರಿಕವಾಗಿದೆ ಎಂದ ಮಾತ್ರಕ್ಕೆ ಆ ಕಣ್ಣೀರು ಸಿಹಿಯಾಗುವುದಿಲ್ಲ.

ಧರ್ಮಸಭೆಯ ನಿಯಮ ಏನನ್ನುತ್ತದೆ?

ದೇವಾಲಯದ ಕಟ್ಟಡವನ್ನು ಬೇರೆ ಬಳಕೆಗೆ ಬಿಡುವ ಬಗ್ಗೆ 1983ರ ಧರ್ಮಸಭಾ ಕಾನೂನು ಸಂಹಿತೆಯಲ್ಲಿ ಸ್ಪಷ್ಟವಾದ ವಿಧಿಯಿದೆ. 1222ನೆಯ ವಿಧಿಯ ಪ್ರಕಾರ, ದೇವಾಲಯವೊಂದನ್ನು ಆರಾಧನೆಗೆ ಬಳಸುವುದು ಯಾವ ರೀತಿಯಲ್ಲಿಯೂ ಸಾಧ್ಯವಿಲ್ಲದೆ, ದುರಸ್ತಿಗೂ ದಾರಿಯಿಲ್ಲದೆ ಹೋದಾಗ ಧರ್ಮಾಧ್ಯಕ್ಷರು ಅದನ್ನು ಲೌಕಿಕ ಬಳಕೆಗೆ ಬಿಡಬಹುದು. ಆದರೆ ಆ ಬಳಕೆ ಹೀನವಾಗಿರಬಾರದು. ಬೇರೆ ಗಂಭೀರ ಕಾರಣಗಳಿದ್ದಲ್ಲಿ ಗುರುಗಳ ಮಂಡಳಿಯ ಅಭಿಪ್ರಾಯ ಪಡೆದು, ಹಕ್ಕುಳ್ಳವರ ಸಮ್ಮತಿ ಪಡೆದು, ಆತ್ಮಗಳ ಹಿತಕ್ಕೆ ಬಾಧೆ ಬಾರದಂತೆ ನೋಡಿಕೊಂಡು ಮುಂದುವರಿಯಬೇಕು.

ಹೀನವೆಂದರೆ ಯಾವುದು? ಕುಟುಂಬಗಳು ಕುಳಿತು ಉಣ್ಣುವ ಭೋಜನಗೃಹ ಹೀನವೇ? ಬಿಯರು ಜೊತೆಗಿದ್ದರೆ ಹೀನವೇ? ಹಂಡೆಯನ್ನು ಬಲಿಪೀಠದ ಸ್ಥಾನದಲ್ಲಿ ಇಡದೆ ಮೂಲೆಯಲ್ಲಿ ಇಟ್ಟಿದ್ದರೆ ಸರಿಯಾಗುತ್ತಿತ್ತೇ? ಓದುಗರು ತಮ್ಮೊಳಗೇ ಕೇಳಿಕೊಳ್ಳಲಿ. ಆ ಜಾಗದ ಆಯ್ಕೆ ನನಗೆ ಸಮ್ಮತವಲ್ಲ. ತಮ್ಮ ತಂದೆತಾಯಿಯ ವಿವಾಹ ನಡೆದ ಮೆಟ್ಟಿಲ ಮೇಲೆ ಭಟ್ಟಿಯನ್ನು ಕಾಣಬೇಕಾದ ಹಿರಿಯರ ಎದೆಯ ನೋವಿಗೆ ಅಲ್ಲಿ ಬೆಲೆ ಸಿಗಲಿಲ್ಲ. ಆದರೂ ಇನ್ನೊಂದು ಸತ್ಯವನ್ನು ಒಪ್ಪಲೇಬೇಕು. ಆ ಕಟ್ಟಡವನ್ನು ಕೆಡವಿ ವಾಹನ ನಿಲ್ದಾಣ ಮಾಡಿದ್ದರೆ ಕೋಮ್ಸ್ ಅವರ ಕಮಾನುಗಳೂ ಬಣ್ಣದ ಗಾಜುಗಳೂ ಮಣ್ಣುಪಾಲಾಗುತ್ತಿದ್ದವು. ಅವನ್ನು ಉಳಿಸಿದ ಹಣ ಬಂದದ್ದು ಆ ಹಂಡೆಗಳಿಂದಲೇ.

2018ರ ನವೆಂಬರಿನಲ್ಲಿ ರೋಮಿನ ಗ್ರೆಗೋರಿಯನ್ ವಿಶ್ವವಿದ್ಯಾಲಯದಲ್ಲಿ, ಬಳಕೆ ತಪ್ಪಿದ ದೇವಾಲಯಗಳನ್ನು ಕುರಿತೇ ಅಂತರರಾಷ್ಟ್ರೀಯ ಸಮಾವೇಶವೊಂದು ನಡೆಯಿತು. ಅದಕ್ಕೆ ಕಳುಹಿಸಿದ ಸಂದೇಶದಲ್ಲಿ ಜಗದ್ಗುರು ಫ್ರಾನ್ಸಿಸರು, ಈ ಬೆಳವಣಿಗೆಯನ್ನು ಕಂಡು ಆತಂಕಪಡದೆ ಅದನ್ನು ಕಾಲದ ಒಂದು ಚಿಹ್ನೆಯಾಗಿ ಓದಿಕೊಳ್ಳಲು ಕರೆಯಿತ್ತರು. ದೇವಾಲಯವನ್ನು ಕೈಬಿಡುವುದು ಮೊದಲ ಪರಿಹಾರವಾಗಬಾರದು, ಭಕ್ತರ ಮನನೋಯಿಸುವಂತೆ ಅದು ನಡೆಯಬಾರದು ಎಂದೂ ಎಚ್ಚರಿಸಿದರು. ರೋಮಿನ ಧರ್ಮಸಭೆಯ ಸಂಪತ್ತನ್ನು ಬಡವರಿಗೆ ಹಂಚಿದ ಹುತಾತ್ಮ ಸಂತ ಲಾರೆನ್ಸರನ್ನು ಅವರು ಅಲ್ಲಿ ನೆನಪಿಸಿಕೊಂಡರು. ಅದೇ ವರ್ಷ ಪಿಟ್ಸ್‌ಬರ್ಗ್ ಧರ್ಮಕ್ಷೇತ್ರ ತನ್ನ 188 ಧರ್ಮಕೇಂದ್ರಗಳನ್ನು 57 ಗುಂಪುಗಳಾಗಿ ಕೂಡಿಸುವ ಯೋಜನೆಯನ್ನು ಜಾರಿಗೆ ತಂದಿತು. 1993ರಲ್ಲಿ ಮುಚ್ಚಿದ ಬಾಗಿಲು ಕೊನೆಯದಾಗಿರಲಿಲ್ಲ.

ನಮ್ಮ ಅಂಗಳದ ಪಾಠ

ಇದು ದೂರದೇಶದ ಕಥೆ, ನಮಗೇಕೆ ಎನ್ನುವಿರಾ? ಹಾಸನದ ಬಳಿಯ ಶೆಟ್ಟಿಹಳ್ಳಿಯನ್ನು ನೆನೆಯಿರಿ. 19ನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಅಲ್ಲಿ ಗಾಥಿಕ್ ಶೈಲಿಯ ರೋಸರಿ ಮಾತೆಯ ದೇವಾಲಯವನ್ನು ಕಟ್ಟಿದರು. 20ನೆಯ ಶತಮಾನದ ಉತ್ತರಾರ್ಧದಲ್ಲಿ ಹೇಮಾವತಿ ನದಿಗೆ ಗೊರೂರಿನಲ್ಲಿ ಅಣೆಕಟ್ಟು ಬಂದಾಗ ಊರು ಖಾಲಿಯಾಯಿತು, ಜನ ಬೇರೆಡೆ ನೆಲೆಸಿದರು. ಮಳೆಗಾಲದಲ್ಲಿ ಹಿನ್ನೀರು ಏರಿದಾಗ ಆ ಪಾಳುಗೋಡೆಗಳು ಅರ್ಧ ಮುಳುಗಿ ನಿಲ್ಲುತ್ತವೆ. ಪ್ರವಾಸಿಗರು ಛಾಯಾಚಿತ್ರ ತೆಗೆದುಕೊಳ್ಳುತ್ತಾರೆ. ಅಲ್ಲಿಯ ದೀಪ ಆರಿಲ್ಲ. ಅದು ಜನರೊಂದಿಗೆ ಹೊಸ ಊರುಗಳಿಗೆ ಹೋಯಿತು. ಗೋಡೆ ಮುಳುಗಿದರೂ ಜನ ಉಳಿದರೆ ಧರ್ಮಸಭೆ ಉಳಿಯುತ್ತದೆ. ಗೋಡೆ ಉಳಿದು ಜನ ಹೊರಟುಹೋದರೆ ಗೋಡೆಗೆ ಬೇರೆ ಒಡೆಯರು ಬರುತ್ತಾರೆ. ಶೆಟ್ಟಿಹಳ್ಳಿ ಮತ್ತು ಲಾರೆನ್ಸ್‌ವಿಲ್ ಹೇಳುವ ಪಾಠ ಒಂದೇ.

ಇಂದು ನಮ್ಮ ದೇವಾಲಯಗಳು ತುಂಬಿವೆ. ಹಬ್ಬದ ದಿನ ಅಂಗಳದಲ್ಲಿ ನಿಲ್ಲಲು ಜಾಗ ಸಾಲದು. 1902ರಲ್ಲಿ ಲಾರೆನ್ಸ್‌ವಿಲ್ಲಿನವರಿಗೂ ಹಾಗೆಯೇ ಅನಿಸಿದ್ದಿರಬೇಕು. ತಮ್ಮ ಮರಿಮಕ್ಕಳ ಕಾಲಕ್ಕೆ ಈ ಪೀಠಗಳು ಕತ್ತರಿಸಲ್ಪಡುತ್ತವೆ ಎಂದು ಅವರಲ್ಲಿ ಯಾರು ಊಹಿಸಿದ್ದರು? ನಮ್ಮ ಹಳ್ಳಿಗಳ ಧರ್ಮಕೇಂದ್ರಗಳಿಂದಲೂ ಯುವಜನ ಬೆಂಗಳೂರಿಗೆ, ಕೊಲ್ಲಿ ರಾಷ್ಟ್ರಗಳಿಗೆ, ಅಮೆರಿಕಕ್ಕೆ ಹೋಗುತ್ತಿದ್ದಾರೆ. ಹೋಗುವುದು ತಪ್ಪಲ್ಲ, ಹೊಟ್ಟೆಪಾಡು ದೊಡ್ಡದು. ಶೆಟ್ಟಿಹಳ್ಳಿಯವರಂತೆ ದೀಪವನ್ನು ಕೈಯಲ್ಲಿ ಹಿಡಿದು ಹೋಗುತ್ತಿದ್ದಾರೆಯೇ ಎಂಬುದಷ್ಟೇ ಕೇಳಬೇಕಾದ ಪ್ರಶ್ನೆ. ಉತ್ತರ ಹೊಸ ಗೋಪುರದ ಎತ್ತರದಲ್ಲಿಲ್ಲ. ಸಂಜೆ ಮನೆಯಲ್ಲಿ ಎಲ್ಲರೂ ಕೂಡಿ ಜಪಸರ ಮಾಡುತ್ತೇವೆಯೇ, ಭಾನುವಾರ ಮಕ್ಕಳ ಕೈಹಿಡಿದು ಬಲಿಪೂಜೆಗೆ ಹೋಗುತ್ತೇವೆಯೇ, ನೆರೆಮನೆಯ ಕಷ್ಟಕ್ಕೆ ಧರ್ಮಕೇಂದ್ರವಾಗಿ ಸ್ಪಂದಿಸುತ್ತೇವೆಯೇ ಎಂಬುದರಲ್ಲಿದೆ.

ಪ್ರತಿಯೊಂದು ದೇವಾಲಯದಲ್ಲಿಯೂ ಕಣ್ಣು ನೆಡುವ ಒಂದು ಕೇಂದ್ರವಿರುತ್ತದೆ. ಪ್ರತಿಯೊಂದು ಮನೆಯಲ್ಲಿಯೂ ಇರುತ್ತದೆ. ಅಲ್ಲಿ ಇರಬೇಕಾದವನು ಇಲ್ಲದಿದ್ದರೆ ಆ ಜಾಗ ಬಹುಕಾಲ ಬರಿದಾಗಿ ಉಳಿಯುವುದಿಲ್ಲ. ದೂರದರ್ಶನವೋ ಹಣವೋ ಶೀಸೆಯೋ ಬಂದು ಕೂರುತ್ತದೆ, ಅದೂ ಸೊಗಸಾಗಿ, ದೀಪದ ಬೆಳಕಿನಲ್ಲಿ ಹೊಳೆಯುತ್ತ. ಈ ಭಾನುವಾರ ನಿಮ್ಮ ದೇವಾಲಯದ ಪೀಠದಲ್ಲಿ ಕುಳಿತಾಗ ಅದರ ಮರವನ್ನು ಒಮ್ಮೆ ಮುಟ್ಟಿ ನೋಡಿರಿ. ಅದನ್ನು ಕೊಡಿಸಿದವರು ನಿಮ್ಮ ಹಿರಿಯರು. ಅದು ಮುಂದೆಯೂ ಪೀಠವಾಗಿಯೇ ಉಳಿಯಬೇಕಾದರೆ, ನಿಮ್ಮ ಪಕ್ಕದಲ್ಲಿ ನಿಮ್ಮ ಮಗುವೂ ಕುಳಿತಿರಬೇಕು.